ಕೃಷ್ಣಾ ಕೊಳ್ಳದ ಬೌದ್ಧ ನೆಲೆಗಳು ಮತ್ತು ವಸ್ತುಸಂಗ್ರಹಾಲಯಗಳು

ಕ್ರಿ.ಪೂ. ಮೂರನೆಯ ಶತಮಾನದಿಂದ ಕ್ರಿ.ಶ. ನಾಲ್ಕನೆಯ ಶತಮಾನದವರೆಗಿನ ದಕ್ಷಿಣಾಪಥದ ಚರಿತ್ರೆಯನ್ನು ಅರಿಯಬಯಸುವವರಿಗೆ ಕೃಷ್ಣಾ ಕೊಳ್ಳದಷ್ಟು ಸಮೃದ್ಧವಾದ ಆಕರಗಳು ಬೇರೆಡೆ ವಿರಳ. ಉಪನದಿಯಾದ ಭೀಮೆಯ ದಂಡೆಯ ಸನ್ನತಿಯಿಂದ ಮೊದಲುಗೊಂಡು ನಾಗಾರ್ಜುನಕೊಂಡ, ಜಗ್ಗಯ್ಯಪೇಟೆ, ಅಮರಾವತಿಗಳನ್ನು ಹಾದು ಸಮುದ್ರಕ್ಕೆ ಸಮೀಪವಾದ ಭಟ್ಟಿಪ್ರೋಲು, ಘಂಟಸಾಲಗಳವರೆಗೆ ಸ್ತೂಪಗಳ ಒಂದು ಸಾಲೇ ಇತ್ತು. ಪಲ್ಲವ ಶಿವಸ್ಕಂದವರ್ಮನ ಮಯಿದವೋಲು ತಾಮ್ರಪಟಗಳು ಈ ನಾಡಿನ ಕೆಳಭಾಗವನ್ನು ಆಂಧ್ರಾಪಥವೆಂದು ಕರೆಯುತ್ತವೆ. ಅದೇ ಅರಸನ ಮತ್ತೊಂದು ಪ್ರಾಕೃತ ತಾಮ್ರಪಟ ದೊರೆತದ್ದು ಇಂದಿನ ವಿಜಯನಗರ ಜಿಲ್ಲೆಯ ಹಿರೇಹಡಗಲಿಯಲ್ಲಿ. ಅದರಲ್ಲಿ ಬರುವ 'ಸಾತಾಹನಿರಟ್ಠ'ವು ಸಾತವಾಹನರ ಹೆಸರನ್ನು ಹೊತ್ತ ಕನ್ನಡ ನೆಲದ ವಿಭಾಗ. ಭಾಷಾವಾರು ಪ್ರಾಂತಗಳ ಗಡಿಗಳನ್ನು ಇಟ್ಟುಕೊಂಡು ಈ ಕಾಲವನ್ನು ಓದಲು ಹೊರಟರೆ ಅರ್ಧ ಚರಿತ್ರೆ ಗಡಿಯಾಚೆಗೇ ಉಳಿದುಬಿಡುತ್ತದೆ. ಹಲ್ಮಿಡಿ ಶಾಸನಕ್ಕೆ ಮುಂಚಿನ ಶತಮಾನಗಳನ್ನು ಪೀಠಿಕೆಯ ಒಂದು ಪುಟದಲ್ಲಿ ಮುಗಿಸುವ ರೂಢಿ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಬೆಳೆದುಬಂದಿರುವುದಕ್ಕೆ ಇದೂ ಒಂದು ಕಾರಣ.

ಈ ನೆಲೆಗಳನ್ನು ಅಧ್ಯಯನ ಮಾಡಲು ಹೊರಟ ವಿದ್ಯಾರ್ಥಿಗೆ ಎದುರಾಗುವ ಮೊದಲ ತೊಡಕು ವಿಚಿತ್ರವಾದುದು. ಅಮರಾವತಿಗೆ ಹೋದರೆ ಸ್ತೂಪದ ತಳವಿದೆ, ಶಿಲ್ಪಗಳಲ್ಲಿ ಬಹುಪಾಲು ಇಲ್ಲ. ಚೆನ್ನೈನ ಎಗ್ಮೋರಿಗೂ ಲಂಡನ್ನಿಗೂ ಹೋದರೆ ಶಿಲ್ಪಗಳಿವೆ, ಸ್ತೂಪವಿಲ್ಲ. ನಾಗಾರ್ಜುನಕೊಂಡಕ್ಕೆ ಹೋದರೆ ಶಿಲ್ಪಗಳೂ ಇವೆ, ಮರುನಿರ್ಮಿಸಿದ ಕಟ್ಟಡಗಳೂ ಇವೆ. ಆದರೆ ಅವು ನಿಂತಿದ್ದ ಕಣಿವೆ ನೀರಿನ ಅಡಿಯಲ್ಲಿದೆ. ನೆಲೆಯೂ ಶಿಲ್ಪವೂ ಒಂದೆಡೆ ಉಳಿದುಕೊಂಡ ದೊಡ್ಡ ನಿದರ್ಶನವೆಂದರೆ ಸನ್ನತಿಯ ಬಳಿಯ ಕನಗನಹಳ್ಳಿ. ಅಲ್ಲಿಯೂ ಉಳಿದದ್ದು ಯಾರದೋ ಮುಂದಾಲೋಚನೆಯಿಂದಲ್ಲ, ತಡವಾಗಿ ಕಣ್ಣಿಗೆ ಬಿದ್ದದ್ದರಿಂದ ಎನ್ನಬೇಕಾಗುತ್ತದೆ.

ಅಮರಾವತಿಯ ಕಥೆ ಸ್ವಲ್ಪ ವಿವರವಾಗಿ ಹೇಳತಕ್ಕದ್ದು. ಪ್ರಾಚೀನ ಧಾನ್ಯಕಟಕದ, ಅಂದರೆ ಇಂದಿನ ಧರಣಿಕೋಟೆಯ, ಮಗ್ಗುಲಿನಲ್ಲಿದ್ದ ಮಹಾಚೈತ್ಯವು ಸುಮಾರು ಐವತ್ತು ಮೀಟರು ವ್ಯಾಸದ ಇಟ್ಟಿಗೆಯ ಅಂಡ. ಅದರ ಮೈಗೆ ಹಸಿರುಛಾಯೆಯ ಪಲ್ನಾಡು ಸುಣ್ಣಕಲ್ಲಿನ ಫಲಕಗಳು, ಸುತ್ತ ಅದೇ ಕಲ್ಲಿನ ಕಟಕಟೆ. ನಾಲ್ಕು ದಿಕ್ಕುಗಳಲ್ಲಿ ಮುಂಚಾಚಿದ ಜಗಲಿಗಳ ಮೇಲೆ ಐದೈದು ಆಯಕ ಸ್ತಂಭಗಳು ನಿಂತಿದ್ದವು. ಬುದ್ಧನ ಜನನ, ಮಹಾಭಿನಿಷ್ಕ್ರಮಣ, ಸಂಬೋಧಿ, ಧರ್ಮಚಕ್ರಪ್ರವರ್ತನ, ಪರಿನಿರ್ವಾಣಗಳನ್ನು ಇವು ಸೂಚಿಸುತ್ತವೆಂದು ವಿದ್ವಾಂಸರು ಹೇಳುತ್ತಾರೆ. ಉತ್ತರದ ಸಾಂಚಿ, ಭರ್ಹುತಗಳಲ್ಲಿ ಕಾಣದ ಈ ಆಯಕ ಸ್ತಂಭಗಳು ಕೃಷ್ಣಾ ಕೊಳ್ಳದ ವೈಶಿಷ್ಟ್ಯ. ಸಿಂಹಳದ ಗಡಲಾದೆಣಿಯದ ೧೩೪೪ರ ಶಾಸನವೊಂದು ಧಾನ್ಯಕಟಕದಲ್ಲಿ ಅಲ್ಲಿನ ಸ್ಥವಿರ ಧರ್ಮಕೀರ್ತಿ ನಡೆಸಿದ ಜೀರ್ಣೋದ್ಧಾರವನ್ನು ಹೇಳುವುದರಿಂದ, ಹದಿನಾಲ್ಕನೆಯ ಶತಮಾನದಲ್ಲಿಯೂ ಈ ಕ್ಷೇತ್ರ ಯಾತ್ರಿಕರಿಗೆ ತಿಳಿದಿತ್ತೆನ್ನಬಹುದು. ಆನಂತರ ಅದು ಮರೆಯಾಗಿ ಊರವರ ಬಾಯಲ್ಲಿ 'ದೀಪಾಲದಿನ್ನೆ'ಯಾಯಿತು. ದಿನ್ನೆ ಎಂಬ ಮಾತು ತೆಲುಗಿಗೂ ಕನ್ನಡಕ್ಕೂ ಸಮಾನ. ಹಳೆಯ ನೆಲೆಗಳನ್ನು ಹುಡುಕುವವರಿಗೆ ಈ ಒಂದು ಶಬ್ದ ಎಷ್ಟೋ ಕಡೆ ದಾರಿ ತೋರಿಸಿದೆ.

ಹದಿನೆಂಟನೆಯ ಶತಮಾನದ ಕೊನೆಗೆ ಚಿಂತಪಲ್ಲಿಯ ಜಮೀನುದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ತನ್ನ ರಾಜಧಾನಿಯನ್ನು ಅಮರಾವತಿಗೆ ಬದಲಾಯಿಸಿ, ಊರು ಕಟ್ಟಲು ಇಟ್ಟಿಗೆ ಕಲ್ಲುಗಳಿಗಾಗಿ ದಿನ್ನೆಯನ್ನು ಅಗೆಸಿದನು. ಶಿಲ್ಪದ ಹಾಸುಗಲ್ಲುಗಳಲ್ಲಿ ಕೆಲವು ಕಟ್ಟಡಗಳಿಗೆ ಹೋದವು, ಎಷ್ಟೋ ಸುಣ್ಣದ ಗೂಡಿಗೆ ಹೋದವು. ಆತನನ್ನು ಮಾತ್ರ ದೂರುವುದು ನ್ಯಾಯವಲ್ಲ. ಹಳೆಯ ಕಟ್ಟಡವನ್ನು ಕಲ್ಲುಗಣಿಯೆಂದು ಬಗೆಯುವುದು ಆ ಕಾಲದ ಎಲ್ಲ ಊರುಗಳ ರೂಢಿಯಾಗಿತ್ತು. ಆಮೇಲೆ ಬಂದವರು ವಿದ್ಯಾವಂತರು. ಅವರು ಮಾಡಿದ ಹಾನಿ ಅದಕ್ಕಿಂತ ಕಡಿಮೆಯದೇನಲ್ಲ.

೧೭೯೭ರಲ್ಲಿ ಅಲ್ಲಿಗೆ ಬಂದ ಕಾಲಿನ್ ಮೆಕೆಂಜಿ ಈ ಶಿಲ್ಪಗಳ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದನು. ಕನ್ನಡಿಗರಿಗೆ ಈತ ಅಪರಿಚಿತನಲ್ಲ. ೧೭೯೯ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನು, ಅನಂತರ ಮೈಸೂರು ಸೀಮೆಯ ಮೋಜಣಿ ನಡೆಸಿದವನು, ಊರೂರಿನ ಕೈಫಿಯತ್ತುಗಳನ್ನು ಬರೆಯಿಸಿ ಸಂಗ್ರಹಿಸಿದವನು. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ ೧೯೯೪ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟವಾದ ಕೈಫಿಯತ್ತುಗಳ ಸಂಪುಟಕ್ಕೆ ಮೂಲ ಈತನ ಸಂಗ್ರಹವೇ. ೧೮೧೬ರಲ್ಲಿ ಮೆಕೆಂಜಿ ಮತ್ತೆ ಅಮರಾವತಿಗೆ ಬರುವ ಹೊತ್ತಿಗೆ ದಿನ್ನೆಯ ನಡುವೆ ದೊಡ್ಡ ಕುಣಿ ಬಿದ್ದಿತ್ತು. ಈ ಸಲ ತನ್ನ ಚಿತ್ರಕಾರರಿಂದ ಒಂದೊಂದೇ ಫಲಕವನ್ನು ಅಳತೆಗೊಳಪಡಿಸಿ ಬರೆಯಿಸಿದನು. ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಆ ಚಿತ್ರಸಂಪುಟದಲ್ಲಿ, ಮುಂದೆ ಕಾಣೆಯಾದ ಕಲ್ಲುಗಳ ಚಿತ್ರಗಳೂ ಇವೆ. ಕಾಗದ ಉಳಿದು ಕಲ್ಲು ಅಳಿಯಿತು. ಇದರ ಜೊತೆಗೇ ಆತನು ಕೆಲವು ಫಲಕಗಳನ್ನು ಕಲ್ಕತ್ತೆಗೆ ಕಳುಹಿಸಿದ್ದನ್ನೂ ಹೇಳಬೇಕು. ಚದುರುವಿಕೆಯ ಆರಂಭ ಅಲ್ಲಿಂದಲೇ.

೧೮೪೫ರಲ್ಲಿ ಅಗೆತ ನಡೆಸಿದ ವಾಲ್ಟರ್ ಎಲಿಯಟ್ಟನೂ ಕನ್ನಡ ನಾಡಿನಿಂದ ಹೋದವನೇ. ೧೮೨೪ರ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಮಡಿದಾಗ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಈತನೊಬ್ಬ. ಧಾರವಾಡ ಸೀಮೆಯಲ್ಲಿದ್ದ ವರ್ಷಗಳಲ್ಲಿ ಈತ ಮಾಡಿಸಿದ ಶಾಸನಪ್ರತಿಗಳ ಸಂಗ್ರಹದಲ್ಲಿ ೫೯೫ ಶಾಸನಗಳಿದ್ದವು. ಚಾಲುಕ್ಯರ ಚರಿತ್ರೆಯನ್ನು ಮೊದಲು ಕ್ರಮಬದ್ಧವಾಗಿ ಕಟ್ಟಲು ಅವು ನೆರವಾದವು. ಕನ್ನಡ ಶಾಸನಗಳ ಮಟ್ಟಿಗೆ ಎಲಿಯಟ್ ಮಾಡಿದ್ದು ಉಪಕಾರವೇ, ಏಕೆಂದರೆ ಅಲ್ಲಿ ಆತ ಒಯ್ದದ್ದು ಪ್ರತಿಯನ್ನು; ಕಲ್ಲು ಊರಲ್ಲೇ ಉಳಿಯಿತು. ಅಮರಾವತಿಯಲ್ಲಿ ಅದೇ ಮನುಷ್ಯ ಕಲ್ಲನ್ನೇ ಒಯ್ದನು. ಶಾಸನವನ್ನು ಅಕ್ಷರವೆಂದೂ ಶಿಲ್ಪವನ್ನು ವಸ್ತುವೆಂದೂ ಕಾಣುವ ಈ ಭೇದ ಹತ್ತೊಂಬತ್ತನೆಯ ಶತಮಾನದ ವಿದ್ವತ್ತಿನಲ್ಲಿ ಬೇರೂರಿತ್ತು. ಶಾಸನ ನಿಂತ ಜಾಗವೂ ಶಾಸನದ ಅರ್ಥದ ಭಾಗವೆಂಬುದು ಶಾಸನತಜ್ಞರಿಗೆ ಮನವರಿಕೆಯಾಗಲು ಇನ್ನೂ ಬಹುಕಾಲ ಬೇಕಾಯಿತು.

ಎಲಿಯಟ್ ಮದರಾಸಿಗೆ ಸಾಗಿಸಿದ ಫಲಕಗಳು ಹತ್ತು ವರ್ಷಗಳಿಗೂ ಮೇಲ್ಪಟ್ಟು ಬಿಸಿಲು ಮಳೆಗಳಿಗೆ ಮೈಯೊಡ್ಡಿ ಬಿದ್ದಿದ್ದವು. ೧೮೫೯ರಲ್ಲಿ ಅವುಗಳಲ್ಲಿ ಹೆಚ್ಚಿನವನ್ನು ಹಡಗಿನಲ್ಲಿ ಲಂಡನ್ನಿಗೆ ಕಳುಹಿಸಲಾಯಿತು. ಅಲ್ಲಿಯೂ ಅವುಗಳಿಗೆ ಸ್ವಾಗತವೇನೂ ಕಾದಿರಲಿಲ್ಲ. ವಾಸ್ತುಚರಿತ್ರಕಾರ ಜೇಮ್ಸ್ ಫರ್ಗುಸನ್ನನ ಕಣ್ಣಿಗೆ ಅವು ಬಿದ್ದದ್ದು ೧೮೬೦ರ ದಶಕದ ನಡುವೆ, ಫೈಫ್ ಹೌಸ್ ಎಂಬ ಕಟ್ಟಡದ ಕುದುರೆಲಾಯದಲ್ಲಿ. ೧೮೬೮ರ ತನ್ನ ಗ್ರಂಥದಲ್ಲಿ ಆತ ಅವುಗಳ ಛಾಯಾಚಿತ್ರಗಳನ್ನು ಪ್ರಕಟಿಸಿದ ಬಳಿಕವೇ ಅಮರಾವತಿ ಕಲಾಚರಿತ್ರೆಯಲ್ಲಿ ಸ್ಥಾನ ಪಡೆಯಿತು. ೧೮೮೦ರಲ್ಲಿ ಈ ಸಂಗ್ರಹ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿತು. 'ಎಲಿಯಟ್ ಮಾರ್ಬಲ್ಸ್' ಎಂದು ಅದನ್ನು ಕರೆಯುವ ವಾಡಿಕೆಯಿತ್ತು. ಕಲ್ಲು ಅಮೃತಶಿಲೆಯಲ್ಲ, ಬರಿಯ ಸುಣ್ಣಕಲ್ಲು. ಗ್ರೀಸಿನಿಂದ ಒಯ್ದ 'ಎಲ್ಗಿನ್ ಮಾರ್ಬಲ್ಸ್' ಪಕ್ಕದಲ್ಲಿ ನಿಲ್ಲಲು ಅದಕ್ಕೆ ಆ ಹೆಸರು ಬೇಕಾಯಿತೆಂದು ತೋರುತ್ತದೆ. ಹವೆಯನ್ನು ನಿಯಂತ್ರಿಸುವ ಪ್ರತ್ಯೇಕ ಶಾಲೆಯೊಂದು ಈ ಶಿಲ್ಪಗಳಿಗೆ ದೊರೆತದ್ದು ೧೯೯೨ರಲ್ಲಿ, ಅವು ಲಂಡನ್ ಮುಟ್ಟಿ ನೂರಮೂವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ.

ಅತ್ತ ಅಮರಾವತಿಯಲ್ಲಿ ೧೮೭೭ರಲ್ಲಿ ರಾಬರ್ಟ್ ಸೀವೆಲ್ ಒಂದು ಭಾಗವನ್ನು ಅಗೆಸಿದನು. ೧೮೮೦ರಲ್ಲಿ ಮದರಾಸಿನ ಗವರ್ನರನಾಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕನ ಆದೇಶದಂತೆ ಉಳಿದದ್ದನ್ನೂ ತೆಗೆಸಲಾಯಿತು. ಯಾವ ಕಲ್ಲು ಎಲ್ಲಿತ್ತು, ಯಾವುದರ ಪಕ್ಕದಲ್ಲಿತ್ತು ಎಂಬ ನಕ್ಷೆಯನ್ನು ಆಗ ಸರಿಯಾಗಿ ಇಡಲಿಲ್ಲ. ಮರುವರ್ಷ ಜೇಮ್ಸ್ ಬರ್ಜೆಸ್ ಬಂದು ನೋಡಿದಾಗ ಸ್ತೂಪದ ಜಾಗದಲ್ಲಿ ಇದ್ದದ್ದು ಒಂದು ದೊಡ್ಡ ಹೊಂಡ. ಜಮೀನುದಾರನ ಕೂಲಿಗಳು ಕಲ್ಲುಗಳನ್ನು ನಾಶಮಾಡಿದ್ದರು. ಸರ್ಕಾರದ ಅಗೆತ ಕಲ್ಲುಗಳ ನಡುವಣ ಸಂಬಂಧವನ್ನು ನಾಶಮಾಡಿತು. ಎರಡನೆಯದು ಹೆಚ್ಚು ಸೂಕ್ಷ್ಮವಾದ ಹಾನಿ. ಅಮರಾವತಿಯ ಶಿಲ್ಪಗಳ ಕಾಲಾನುಕ್ರಮದ ಬಗ್ಗೆ ಇಂದಿಗೂ ವಿದ್ವಾಂಸರಲ್ಲಿ ಒಮ್ಮತವಿಲ್ಲದಿರುವುದಕ್ಕೆ ಮೂಲ ಇಲ್ಲಿದೆ.

ಬರ್ಜೆಸ್ ಆಯ್ದು ಕಳುಹಿಸಿದ ಕಲ್ಲುಗಳೇ ಚೆನ್ನೈ ಸರ್ಕಾರಿ ವಸ್ತುಸಂಗ್ರಹಾಲಯದ ಅಮರಾವತಿ ಶಾಲೆಯ ತಿರುಳು. ೧೮೫೧ರಲ್ಲಿ ಆರಂಭವಾದ ಈ ಸಂಸ್ಥೆ ಅವುಗಳನ್ನು ಕೆಡದಂತೆ ಕಾಪಾಡುವ ಸದುದ್ದೇಶದಿಂದಲೇ ಗೋಡೆಗಳಿಗೆ ಗಾರೆಯಿಂದ ಹೂತಿತು. ಇದರಿಂದ ಹಿಂಬದಿ ಕಾಣದಂತಾಯಿತು. ಗಾರೆಯ ಲವಣಾಂಶ ಕಲ್ಲಿಗೆ ಇಳಿಯುವ ತೊಂದರೆಯೂ ಸೇರಿತು. ಹಿಂಬದಿ ಏಕೆ ಮುಖ್ಯವೆಂಬುದಕ್ಕೆ ಲಂಡನ್ನಿನಲ್ಲಿರುವ ಒಂದು ಫಲಕವೇ ಸಾಕ್ಷಿ. ಅದರ ಒಂದು ಮೈಮೇಲೆ ಬೋಧಿವೃಕ್ಷವೂ ಬರಿದಾದ ಆಸನವೂ ಅದಕ್ಕೆ ಕೈಮುಗಿದವರೂ ಇದ್ದಾರೆ, ಬುದ್ಧನ ಮೂರ್ತಿಯಿಲ್ಲ. ಇದು ಕ್ರಿ.ಪೂ. ಮೊದಲ ಶತಮಾನದ್ದೆಂದು ಎಣಿಕೆ. ಕೆಲವು ಶತಮಾನಗಳ ಬಳಿಕ ಅದೇ ಕಲ್ಲನ್ನು ತಿರುಗಿಸಿ ಹಿಂಬದಿಯಲ್ಲಿ ಇಡೀ ಸ್ತೂಪವನ್ನೇ, ಕಟಕಟೆ, ಆಯಕ ಸ್ತಂಭ, ದೇವಗಣಗಳೊಡನೆ, ಕೆತ್ತಿದ್ದಾರೆ. ನಾಶವಾದ ಮಹಾಚೈತ್ಯ ಹೇಗಿತ್ತೆಂದು ಇಂದು ಊಹಿಸುವುದು ಇಂಥ ಫಲಕಗಳ ಬಲದಿಂದಲೇ. ಸ್ತೂಪವು ತನ್ನ ಚಿತ್ರವನ್ನು ತನ್ನ ಮೈಮೇಲೆಯೇ ಧರಿಸಿತ್ತು.

ಇಷ್ಟಾದರೂ ಎಗ್ಮೋರಿನ ಶಾಲೆಯಲ್ಲಿ ಒಂದು ದಿನ ಕಳೆಯುವ ಕನ್ನಡ ವಿದ್ಯಾರ್ಥಿಗೆ ನಷ್ಟವಿಲ್ಲ. ನಾಳಾಗಿರಿ ಆನೆಯನ್ನು ಬುದ್ಧ ಪಳಗಿಸುವ ವರ್ತುಲ ಫಲಕವನ್ನೇ ನೋಡಬಹುದು. ಒಂದೇ ಚೌಕಟ್ಟಿನಲ್ಲಿ ಆನೆ ಎರಡು ಸಲ ಬರುತ್ತದೆ: ಒಂದೆಡೆ ಬೀದಿಯ ಜನರನ್ನು ತುಳಿದು ಎಳೆದಾಡುತ್ತಿದೆ, ಇನ್ನೊಂದೆಡೆ ಮಂಡಿಯೂರಿದೆ. ನಡುವೆ ಹೆದರಿ ಒಬ್ಬರನ್ನೊಬ್ಬರು ತಬ್ಬಿದ ಹೆಂಗಸರು, ಮೇಲೆ ಗವಾಕ್ಷಗಳಿಂದ ಇಣುಕುವ ಪಟ್ಟಣಿಗರು. ವಡ್ಡಾರಾಧನೆಯ ಕಥನಕ್ರಮವನ್ನೂ ಹೊಯ್ಸಳ ದೇವಾಲಯಗಳ ಪಟ್ಟಿಕೆಗಳ ಕಥೆಗಳನ್ನೂ ಓದಿಬಲ್ಲವರಿಗೆ, ಕಾಲವನ್ನು ಒಂದೇ ತಾಣದಲ್ಲಿ ಮಡಿಸಿಡುವ ಈ ಜಾಣ್ಮೆ ಎಷ್ಟು ಹಳೆಯದೆಂಬುದು ಅಲ್ಲಿ ಮನದಟ್ಟಾಗುತ್ತದೆ. ಶಾಸನಗಳ ಕಡೆಗೂ ಗಮನ ಹರಿಸಬೇಕು. ಕಾಣಿಕೆ ಕೊಟ್ಟವರಲ್ಲಿ ಅರಸರಿಗಿಂತ ಗೃಹಪತಿಗಳು, ವರ್ತಕರು, ಭಿಕ್ಷುಣಿಯರು, ಗಂಧಿಗರು ಹೆಚ್ಚು. ಉಪಾಧ್ಯಾಯ ನಾಗನ ಮಗನಾದ ವಿಧಿಕನೆಂಬ ಚಮ್ಮಾರನು ತನ್ನ ಕುಟುಂಬದೊಡನೆ ಪೂರ್ಣಘಟದ ಫಲಕವೊಂದನ್ನು ದಾನಮಾಡಿದ್ದಾನೆ. ತಂದೆ ಉಪಾಧ್ಯಾಯ, ಮಗ ಚಮ್ಮಾರ: ಆ ಕಾಲದ ಸಮಾಜದ ಬಗ್ಗೆ ಸಿದ್ಧ ಅಭಿಪ್ರಾಯಗಳಿದ್ದವರು ಈ ಒಂದು ಸಾಲಿನ ಎದುರು ನಿಂತು ಯೋಚಿಸಬೇಕಾಗುತ್ತದೆ. ಭಟ್ಟಿಪ್ರೋಲಿನಲ್ಲಿ ಅಲೆಕ್ಸಾಂಡರ್ ರೀ ಕಂಡುಹಿಡಿದ ಧಾತುಕರಂಡಗಳೂ ಇದೇ ಸಂಗ್ರಹಾಲಯದಲ್ಲಿವೆ. ಅವುಗಳ ಲಿಪಿಯಲ್ಲಿ ವ್ಯಂಜನದ ಸಹಜ ಅಕಾರಕ್ಕೂ ಪ್ರತ್ಯೇಕ ಚಿಹ್ನೆಯಿದೆ. ಬ್ರಾಹ್ಮಿಯ ಸಾಮಾನ್ಯ ನಿಯಮ ಹಾಗಲ್ಲ. ದಕ್ಷಿಣದ ಬರವಣಿಗೆಯ ಆರಂಭದ ಪ್ರಯೋಗಗಳನ್ನು ಕುರಿತು ಯೋಚಿಸುವವರಿಗೆ ಜಾರ್ಜ್ ಬ್ಯೂಲರ್ ಪ್ರಕಟಿಸಿದ ಈ ಪಾಠಗಳು ಅನಿವಾರ್ಯ.

ನಾಗಾರ್ಜುನಕೊಂಡದ ಗತಿ ಬೇರೆ ರೀತಿಯದು. ೧೯೨೬ರಲ್ಲಿ ಬೆಳಕಿಗೆ ಬಂದ ಈ ಕಣಿವೆ ಇಕ್ಷ್ವಾಕು ಅರಸರ ರಾಜಧಾನಿ ವಿಜಯಪುರಿಯೆಂದು ಗುರುತಿಸಲ್ಪಟ್ಟಿತು. ಲಾಂಗ್‌ಹರ್ಸ್ಟ್ ೧೯೨೭ರಿಂದ ೧೯೩೧ರವರೆಗೆ, ಟಿ. ಎನ್. ರಾಮಚಂದ್ರನ್ ೧೯೩೮ರಲ್ಲಿ ಇಲ್ಲಿ ಉತ್ಖನನ ನಡೆಸಿದರು. ೧೯೫೫ರ ಡಿಸೆಂಬರಿನಲ್ಲಿ ಜವಾಹರಲಾಲ್ ನೆಹರೂ ನಾಗಾರ್ಜುನಸಾಗರದ ಅಡಿಗಲ್ಲನ್ನಿಟ್ಟರು. ಕಣಿವೆ ಮುಳುಗುವುದು ಖಚಿತವಾಗಿದ್ದುದರಿಂದ ೧೯೫೪ರಿಂದ ೧೯೬೦ರವರೆಗೆ ಆರ್. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಇಡೀ ಬಯಲನ್ನು ಶೋಧಿಸಿತು. ಶಿಲಾಯುಗದ ಉಪಕರಣಗಳಿಂದ ಮಧ್ಯಯುಗದ ಗುಡಿಗಳವರೆಗೆ ಒಂದು ಕಣಿವೆಯ ಸಮಗ್ರ ಚರಿತ್ರೆ ಹೊರಬಂತು. ಲಕ್ಷಾಂತರ ಎಕರೆಗೆ ನೀರುಣಿಸುವ ಯೋಜನೆ ಬೇಡವಾಗಿತ್ತೆಂದು ಯಾರೂ ಹೇಳಲಾರರು. ಮುಳುಗುವ ಮುನ್ನ ಅಷ್ಟು ಶ್ರದ್ಧೆಯಿಂದ ದಾಖಲಿಸಿದ್ದನ್ನು ಮೆಚ್ಚದಿರಲೂ ಆಗದು. ಮುಖ್ಯ ಕಟ್ಟಡಗಳಲ್ಲಿ ಕೆಲವನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಈಗ ದ್ವೀಪವಾಗಿರುವ ಬೆಟ್ಟದ ನೆತ್ತಿಗೂ ದಡದ ಅನುಪುವಿಗೂ ಒಯ್ದು ಕಟ್ಟಿದರು. ಮೆಟ್ಟಿಲು ಮೆಟ್ಟಿಲಾದ ಪೀಠಗಳುಳ್ಳ ರಂಗಭೂಮಿ ಅನುಪುವಿನಲ್ಲಿದೆ. ಬೆಟ್ಟದ ಮೇಲಿನ ವಸ್ತುಸಂಗ್ರಹಾಲಯಕ್ಕೆ ಹೋಗಲು ಜಲಾಶಯವನ್ನು ಲಾಂಚಿನಲ್ಲಿ ದಾಟಬೇಕು. ಆ ಪ್ರಯಾಣದಲ್ಲಿ ದೋಣಿಯ ಅಡಿಗೆ ಸರಿದುಹೋಗುವುದು ವಿಜಯಪುರಿಯೇ.

ಕನ್ನಡ ನಾಡಿನ ಚರಿತ್ರೆಗೆ ಇಲ್ಲಿನ ಎರಡು ಶಾಸನಗಳು ಬಹುಮುಖ್ಯ. ವೀರಪುರುಷದತ್ತನ ಆಳ್ವಿಕೆಯ ಹದಿನಾಲ್ಕನೆಯ ವರ್ಷದ, ಉಪಾಸಿಕೆ ಬೋಧಿಸಿರಿಯ ಶಾಸನದಲ್ಲಿ ಸಿಂಹಳದ ಆಚಾರ್ಯರು ಧರ್ಮಕ್ಕೆ ಒಲಿಸಿದ ನಾಡುಗಳ ಪಟ್ಟಿಯಿದೆ. ಕಾಶ್ಮೀರ, ಗಂಧಾರ, ಚೀನ, ತೋಸಲಿ, ವಂಗಗಳ ಸಾಲಿನಲ್ಲಿ ವನವಾಸಿಯೂ ಬರುತ್ತದೆ. ಎರಡನೆಯದು ಎಹುವುಲ ಚಾಂತಮೂಲನ ಹನ್ನೊಂದನೆಯ ವರ್ಷದ್ದು. ಇದರಲ್ಲಿ ವೀರಪುರುಷದತ್ತನ ಮಗಳು ಕೊಡಬಲಿಸಿರಿ ತನ್ನನ್ನು ವನವಾಸದ ಮಹಾರಾಜನ ಮಹಾದೇವಿಯೆಂದು ಕರೆದುಕೊಂಡು, ಮಹಿಶಾಸಕ ಪಂಥದ ಆಚಾರ್ಯರಿಗೆ ವಿಹಾರ ಕಟ್ಟಿಸಿದ್ದನ್ನು ಹೇಳಿದ್ದಾಳೆ. ಮಯೂರಶರ್ಮನಿಗೆ ಹಿಂದೆ ಬನವಾಸಿಯಲ್ಲಿ ಅರಸನೊಬ್ಬನಿದ್ದನು, ಕೃಷ್ಣೆಯ ಕೆಳದಂಡೆಯ ರಾಜಪುತ್ರಿ ಅವನ ಮನೆ ತುಂಬಿದ್ದಳು. ಅವನ ಹೆಸರನ್ನು ಶಾಸನ ಹೇಳುವುದಿಲ್ಲ; ಹೇಳಿದ್ದರೆ ಎಷ್ಟೋ ಚರ್ಚೆ ಮುಗಿಯುತ್ತಿತ್ತು.

ಇನ್ನೊಂದು ಸಂಬಂಧ ಜಾನಪದಕ್ಕೂ ವೀರಗಲ್ಲುಗಳ ಅಧ್ಯಯನಕ್ಕೂ ತಾಗಿದ್ದು. ನಾಗಾರ್ಜುನಕೊಂಡದಲ್ಲಿ ಸತ್ತವರ ನೆನಪಿಗೆ ನಿಲ್ಲಿಸಿದ 'ಛಾಯಾಸ್ತಂಭ'ಗಳು ದೊರೆತಿವೆ. ಬನವಾಸಿಯಲ್ಲಿ ವಾಸಿಷ್ಠೀಪುತ್ರ ಶಿವಶ್ರೀ ಪುಳುಮಾವಿಯ ಮಹಾದೇವಿಯ ಸ್ಮಾರಕವಾದ 'ಛಾಯಾಪತ್ಥರ' ದೊರೆತಿದೆ. ಸನ್ನತಿಯಲ್ಲಿ ದಂಪತಿಗಳನ್ನೂ ಕುದುರೆ ಬಂಡಿಗಳನ್ನೂ ಅಂಕಣಗಳಲ್ಲಿ ಕೆತ್ತಿದ ಸ್ಮಾರಕ ಶಿಲೆಗಳು ಹೇರಳವಾಗಿವೆ. ಆರ್. ಶೇಷಶಾಸ್ತ್ರಿಗಳಂಥವರು ವಿಸ್ತಾರವಾಗಿ ಅಧ್ಯಯನ ಮಾಡಿದ ವೀರಗಲ್ಲಿನ ಪರಂಪರೆಗೆ ಇವು ಪೂರ್ವಜರೇ, ಬರಿಯ ನೆರೆಹೊರೆಯೇ ಎಂಬುದು ಇನ್ನೂ ವಿಚಾರಕ್ಕೆ ತೆರೆದ ಪ್ರಶ್ನೆ. ಅಂಕಣ ಅಂಕಣವಾಗಿ ಇಹದಿಂದ ಪರಕ್ಕೆ ಏರುವ ಕನ್ನಡ ವೀರಗಲ್ಲಿನ ವಿನ್ಯಾಸಕ್ಕೂ ಸನ್ನತಿಯ ಶಿಲೆಗಳ ಹಂತಗಳಿಗೂ ಹೋಲಿಕೆ ಕಾಣುತ್ತದೆ. ನಡುವಣ ಶತಮಾನಗಳ ಕೊಂಡಿಗಳು ಮಾತ್ರ ವಿರಳ.

ಸನ್ನತಿಯ ಮಹತ್ತ್ವವನ್ನು ೧೯೫೦ರ ದಶಕದಲ್ಲಿ ವಿದ್ವಾಂಸರ ಗಮನಕ್ಕೆ ತಂದವರು ಕಪಟರಾಳ ಕೃಷ್ಣರಾಯರು. ೧೯೮೦ರ ದಶಕದ ಕೊನೆಯಲ್ಲಿ ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಧರ್ಮಶಾಸನ ಕಾಣಿಸಿತು. ವಿಗ್ರಹದ ಬುಡವನ್ನು ಕೂರಿಸಲು ಕಲ್ಲಿನ ನಡುವೆ ತೂತು ಕೊರೆದಿದ್ದಾರೆ. ಅಕ್ಷರಗಳು ಕೆಲವು ಹೋದವು. ಆದರೆ ಪೀಠವಾಗಿದ್ದುದರಿಂದಲೇ ಕಲ್ಲು ಸುಣ್ಣದ ಗೂಡನ್ನು ಕಾಣಲಿಲ್ಲ. ೧೯೯೪ರಿಂದ ಕೆ. ಪಿ. ಪೂಣಚ್ಚ ಅವರ ನೇತೃತ್ವದಲ್ಲಿ ಸಮೀಪದ ಕನಗನಹಳ್ಳಿಯ ದಿಬ್ಬವನ್ನು ಅಗೆದಾಗ ಮಹಾಚೈತ್ಯವೊಂದು, ಅದರ ಫಲಕಗಳು ಕುಸಿದು ಬಿದ್ದ ಸ್ಥಿತಿಯಲ್ಲೇ, ಹೊರಬಂತು. ರಾಣಿ ಪರಿವಾರಗಳೊಡನೆ ನಿಂತ ಅರಸನ ಚಿತ್ರದ ಬಳಿ 'ರಾಯೋ ಅಸೋಕೋ' ಎಂಬ ಬರಹ ಸ್ಪಷ್ಟವಾಗಿದೆ. ಬೇರೆ ಫಲಕಗಳಲ್ಲಿ ಸಿಮುಕ, ಸಾತಕಣಿ, ಪುಳುಮಾವಿಯರ ಹೆಸರುಗಳಿವೆ. ಸಾತಕಣಿ ಚೈತ್ಯಕ್ಕೆ ಬೆಳ್ಳಿಯ ಕಮಲಗಳನ್ನು ಅರ್ಪಿಸುತ್ತಾನೆ. ಪುಳುಮಾವಿ ಉಜ್ಜಯಿನಿಯನ್ನು ಅಜಯತನೆಂಬವನಿಗೆ ಕೊಡುತ್ತಾನೆ. ಪುರಾಣಗಳ ವಂಶಾವಳಿಗಳಿಂದಲೂ ನಾಣ್ಯಗಳಿಂದಲೂ ತಡವರಿಸುತ್ತ ಕಟ್ಟಿದ್ದ ಸಾತವಾಹನ ಚರಿತ್ರೆಗೆ ಹೆಸರು ಹೊತ್ತ ಮುಖಗಳು ಭೀಮಾ ತೀರದಲ್ಲಿ ದೊರೆತವು.

ಅಮರಾವತಿಯಲ್ಲಿ ಶಾಶ್ವತವಾಗಿ ಕಳೆದುಹೋದ ಮಾಹಿತಿ, ಎಂದರೆ ಯಾವ ಫಲಕ ಯಾವ ದಿಕ್ಕಿನಲ್ಲಿ, ಯಾವುದರ ಮಗ್ಗುಲಲ್ಲಿ ಇತ್ತೆಂಬುದು, ಕನಗನಹಳ್ಳಿಯಲ್ಲಿ ಬಹುಮಟ್ಟಿಗೆ ಉಳಿದಿದೆ. ಆದ್ದರಿಂದ ಅಲ್ಲಿನ ಕಲ್ಲುಗಳನ್ನು ದೂರದ ಸಂಗ್ರಹಾಲಯಕ್ಕೆ ಒಯ್ಯುವ ವಿಚಾರವನ್ನು ಒಪ್ಪುವುದು ಕಷ್ಟ. ಹಾಗೆಂದು ಬಯಲಲ್ಲಿ ಬಿಡುವುದೂ ರಕ್ಷಣೆಯಲ್ಲ. ಸುಣ್ಣಕಲ್ಲು ಮೃದು, ಮಳೆಗೂ ಬಿಸಿಲಿಗೂ ಅದರ ಮೈ ಪದರು ಪದರಾಗಿ ಏಳುತ್ತದೆ. ಉತ್ಖನನದ ಪೂರ್ಣ ವರದಿ ೨೦೧೧ರಲ್ಲಿ ಪ್ರಕಟವಾಯಿತು. ನಾಕಾನಿಶಿ ಮತ್ತು ಫಾನ್ ಹಿನ್ಯೂಬರ್ ಅವರು ೨೦೧೪ರಲ್ಲಿ ಶಾಸನಗಳೆಲ್ಲವನ್ನೂ ಸಂಪಾದಿಸಿ ಹೊರತಂದರು. ಕಲ್ಲುಗಳ ಸಂರಕ್ಷಣೆಯ ದೊಡ್ಡ ಪ್ರಮಾಣದ ಕೆಲಸ ಆರಂಭವಾದದ್ದು ೨೦೨೨ರಲ್ಲಿ. ಅಷ್ಟು ಹೊತ್ತಿಗೆ ಅವು ನೆಲದಿಂದ ಹೊರಬಂದು ಕಾಲು ಶತಮಾನ ಕಳೆದಿತ್ತು. ಸನ್ನತಿಯ ಬಿಡಿ ಶಿಲ್ಪಗಳಲ್ಲಿ ಕೆಲವು ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ. ಎಗ್ಮೋರಿನ ಅಮರಾವತಿ ಶಾಲೆಯನ್ನು ನೋಡಿದವರು ಮುಂದೆ ಕಲಬುರಗಿಗೂ ಅಲ್ಲಿಂದ ಭೀಮಾ ತೀರಕ್ಕೂ ಹೋಗಿಬಂದರೆ, ಒಂದೇ ಸುಣ್ಣಕಲ್ಲಿನ ಶಿಲ್ಪ ಗೋಡೆಯಲ್ಲಿ ಹೂತಾಗ ಹೇಗೆ ಕಾಣುತ್ತದೆ, ತನ್ನ ಸ್ತೂಪದ ಬುಡದಲ್ಲಿ ಬಿದ್ದಿರುವಾಗ ಹೇಗೆ ಕಾಣುತ್ತದೆ ಎಂಬುದನ್ನು ಹೋಲಿಸಿ ನೋಡಬಹುದು.